ಸಾಲುಮರದ ಬುಡದಲ್ಲಿ ಸೊಪ್ಪು ಬೆಳೆಯಬೇಕಾದರೆ

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ನಮ್ಮೂರಿಂದ ಮೇನ್ ರೋಡಿಗೆ ಸೇರುವ 2 ಕಿಲೋಮೀಟರ್ ರಸ್ತೆಗೆ ಈ ಮಳೆಗಾಲದಲ್ಲಿ ಉದ್ಯೋಗ ಖಾತ್ರಿಯಡಿ ಗಿಡ ಹಾಕಬೇಕು ಅಂತ ಪಂಚಾಯ್ತಿಯಲ್ಲಿ ತೀರ್ಮಾನವಾಗಿದೆ. ಯಾವ ಗಿಡ ಅನ್ನುವುದನ್ನು ನನಗೆ ಬಿಟ್ಟಿದ್ದಾರೆ. ಈ ರಸ್ತೆಯಲ್ಲಿ ಹಳೇ ನೀಲಗಿರಿ ಸಾಲು ಒಂದಿದೆ. ಅದರ ಬುಡದಲ್ಲಿ ಒಣ ಎಲೆ, ಅಂಚಲ್ಲಿ ಕಾಂಗ್ರೆಸ್ ಗಿಡ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಕಡೆ ನಾಲ್ಕೈದು ಹಳೇ ಹೊಂಗೆ, ಬೇವು ಇವೆ. ಅಲ್ಲಿ ತುಂಬೆ, ಉತ್ತರಾಣಿ, ಅಮೃತಬಳ್ಳಿ, ನಮ್ಮಮ್ಮ ಬೆರಕೆ ಸೊಪ್ಪಿಗೆ ಕಿತ್ತು ತರುತ್ತಿದ್ದ ಅಣ್ಣೆ ಸೊಪ್ಪು ಎಲ್ಲ ಸಿಗುತ್ತವೆ. ಇದು ಮರದ ಗುಣವೋ, ಮಣ್ಣಿನದೋ, ದನ ಮೇಯುವುದರಿಂದಲೋ? ಬುಡದಲ್ಲೂ ನಾಲ್ಕು ಗಿಡ ಬದುಕಬೇಕು ಅಂದರೆ ಯಾವ ಮರ ಹಾಕಬೇಕು?

ಉತ್ತರ: ಮೇಷ್ಟ್ರೇ, ಮೂರೂ ಸೇರಿದೆ. ಆದರೆ ಮಣ್ಣನ್ನು ನೀವು ಬದಲಾಯಿಸಲು ಆಗುವುದಿಲ್ಲ. ಊರ ದನಗಳನ್ನೆಲ್ಲ ಕಟ್ಟಿಹಾಕಲೂ ಆಗುವುದಿಲ್ಲ. ಮರ ಮಾತ್ರ ನಿಮ್ಮ ಕೈಯಲ್ಲಿದೆ, ಅದೂ ಈ ಒಂದು ಸಲ. ಇವತ್ತು ನೆಟ್ಟ ಮರ ಐವತ್ತು ವರ್ಷ ಅಲ್ಲೇ ನಿಂತು, ತನ್ನ ಬುಡದಲ್ಲಿ ಯಾರು ಇರಬೇಕು, ಯಾರು ಇರಬಾರದು ಅಂತ ತೀರ್ಮಾನ ಮಾಡುತ್ತಿರುತ್ತದೆ. ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ರಸ್ತೆ ಬದಿಯ ಗಿಡ ಅಂದರೆ ಜನ ನನ್ನನ್ನು ಕೇಳುವುದು ಎರಡೇ. ಯಾವುದು ಬೇಗ ಬೆಳೆಯುತ್ತದೆ, ಯಾವುದಕ್ಕೆ ನೀರು ಬೇಡ. ಬುಡದ ಬಗ್ಗೆ ಕೇಳುವವರು ಕಡಿಮೆ.

ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಆ ಹಳೇ ಹೊಂಗೆಯ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ಬಿದ್ದ ಎಲೆಗಳನ್ನು ಪದರ ಪದರವಾಗಿ ಸರಿಸಿ ನೋಡಿ. ಮೇಲಿನ ಎಲೆ ಕಂದು ಬಣ್ಣದ್ದು, ಇನ್ನೂ ಇಡಿಯಾಗಿರುತ್ತದೆ. ಅದರ ಕೆಳಗಿನದು ನರ ಮಾತ್ರ ಉಳಿದ ಜಾಲರಿ. ಅದಕ್ಕೂ ಕೆಳಗೆ ಎಲೆಯ ಗುರುತೇ ಸಿಗದ ಕಪ್ಪು ಪುಡಿ. ಮಳೆ ಬಿದ್ದ ಮೇಲೆ ಹೋದರೆ ಎರೆಹುಳು ಹಾಕಿದ ಮಣ್ಣಿನ ಗುಳಿಗೆಗಳೂ ಕಾಣುತ್ತವೆ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಆಮೇಲೆ ನೀಲಗಿರಿ ಸಾಲಿಗೆ ಹೋಗಿ ಅದನ್ನೇ ಮಾಡಿ. ಸುಲಿದು ಬಿದ್ದ ತೊಗಟೆಯ ಪಟ್ಟಿಗಳು, ಕಡ್ಡಿ, ಕುಡುಗೋಲಿನ ಹಾಗೆ ಬಾಗಿದ ಉದ್ದ ಎಲೆ. ಯಾವಾಗಲೋ ಬಿದ್ದ ಎಲೆಯೂ ಗರಿಗರಿಯಾಗಿ ಹಾಗೇ ಇರುತ್ತದೆ. ಮುರಿದು ಮೂಸಿದರೆ ಎಣ್ಣೆಯ ಘಾಟು ಇನ್ನೂ ಬರುತ್ತದೆ. ಕೆಳಗಿನ ನೆಲ ಗಟ್ಟಿ. ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಈ ಎರಡು ಹಿಡಿ ತರಗಿನಲ್ಲೇ ಇದೆ.

ಹೊಂಗೆ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿ, ಯುಗಾದಿಯ ಆಸುಪಾಸಿಗೆ ಚಿಗುರುತ್ತದೆ. ಅದು ದ್ವಿದಳ ಜಾತಿಯ ಮರ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಹಾಗಾಗಿ ಎಲೆಯಲ್ಲಿ ಸಾರಜನಕ ಜಾಸ್ತಿ, ಮುಂಗಾರು ಬಿದ್ದ ಕೂಡಲೇ ಕೊಳೆಯುತ್ತದೆ. ನಮ್ಮ ಭಾಗದಲ್ಲಿ ಭತ್ತದ ಗದ್ದೆಗೆ ಹೊಂಗೆ ಸೊಪ್ಪು ತುಳಿಸುತ್ತಿದ್ದದ್ದು ಇದಕ್ಕೇ ಅಲ್ವಾ? ನೀಲಗಿರಿಯ ಎಲೆಯಲ್ಲಿ ಸಾರಜನಕ ಕಡಿಮೆ, ಎಣ್ಣೆ ಮತ್ತು ಒಗರಿನ ಅಂಶ ಜಾಸ್ತಿ. ಹುಳ ಅದನ್ನು ಮುಟ್ಟುವುದಿಲ್ಲ, ಬೂಷ್ಟೂ ನಿಧಾನವಾಗಿ ಹತ್ತುತ್ತದೆ. ಅದರಿಂದ ಇಳಿಯುವ ರಸ ಸಣ್ಣ ಬೀಜಗಳ ಮೊಳಕೆಯನ್ನು ತಡೆಯುತ್ತದೆ. ಮಲೆನಾಡಲ್ಲಿ ಮಳೆ ಈ ರಸವನ್ನು ತೊಳೆದು ಹಾಕುತ್ತದೆ. ಅದಕ್ಕೇ ಅಲ್ಲಿನ ಹಳೇ ನೀಲಗಿರಿ ತೋಪಿನೊಳಗೆ ಸ್ವಲ್ಪವಾದರೂ ಕಾಡು ಗಿಡ ನುಗ್ಗುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ವರ್ಷದ ಮಳೆ 500 ಮಿಲಿಮೀಟರ್ ಆಸುಪಾಸು. ತೊಳೆಯುವಷ್ಟು ನೀರೇ ಇಲ್ಲ. ಒಂದೇ ಮರ ಎರಡು ಊರಲ್ಲಿ ಬೇರೆ ಬೇರೆ ಥರ ನಡೆದುಕೊಳ್ಳುವುದು ಹೀಗೆ.

ನೀರಿನ ವಿಷಯಕ್ಕೂ ಬರಬೇಕು. ಹೊಸಕೋಟೆ ಬಳಿಯ ನೀಲಗಿರಿ ತೋಪಿನಲ್ಲಿ ಮಾಡಿದ ಒಂದು ಅಳತೆ 1990ರ ದಶಕದಲ್ಲಿ ಪ್ರಕಟವಾಗಿತ್ತು. ಎಳೆಯ ಮರಗಳು ಖರ್ಚು ಮಾಡಿದ ನೀರು ಆ ಅವಧಿಯಲ್ಲಿ ಬಿದ್ದ ಮಳೆಗಿಂತ ಜಾಸ್ತಿ ಇತ್ತು. ಬೇರು ಆಳಕ್ಕೆ ಇಳಿದು ಹಿಂದಿನ ವರ್ಷಗಳ ತೇವವನ್ನೂ ಹೀರಿತ್ತು. ಮೇಲಿನ ಒಂದು ಗೇಣು ಮಣ್ಣನ್ನು ನಂಬಿ ಬದುಕುವ ತುಂಬೆ, ಅಣ್ಣೆ ಸೊಪ್ಪಿಗೆ ಅಂಥ ಮರದ ಪಕ್ಕದಲ್ಲಿ ಏನು ಸಿಗುತ್ತದೆ ಹೇಳಿ. ನಿಮ್ಮ ರಸ್ತೆಯ ಸಾಲು ಬಹುಶಃ 1980ರ ದಶಕದ ಸಾಮಾಜಿಕ ಅರಣ್ಯದ ಕಾಲದ್ದು. ಆಗ ಊರೂರಿಗೂ ನೀಲಗಿರಿ ಬಂತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಶಿಯಾ ನೆಡುವುದನ್ನೇ ನಿಷೇಧಿಸಿತು. ಹಾಗಾಗಿ ಅದು ಮತ್ತೆ ಬರುವ ಭಯ ಬೇಡ.

ಅಕೇಶಿಯಾ ಅಂದೆನಲ್ಲ, ಅದರ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ಚಿತ್ರದುರ್ಗದ ಹತ್ತಿರದ ಒಂದು ಊರಿನವರು ರಸ್ತೆಗೆ ಯಾವ ಗಿಡ ಅಂತ ಕೇಳಿದಾಗ, ಕಲ್ಲು ನೆಲದಲ್ಲೂ ಬದುಕುತ್ತದೆ, ದನ ಮುಟ್ಟಲ್ಲ, ಅದೂ ದ್ವಿದಳ ಜಾತಿ, ಮಣ್ಣಿಗೆ ಸಾರ ಕೊಡುತ್ತದೆ ಅಂತ ಅಕೇಶಿಯಾ ಹಾಕಿಸಿದೆ. ಬದುಕಿತು. ಹಸಿರೂ ಆಯಿತು. ಈಗ ಅಲ್ಲಿ ನಡೆದರೆ ಕಾಲಡಿ ಚಾಪೆ ಹಾಸಿದ ಹಾಗೆ ಇರುತ್ತದೆ. ನಾವು ಅಕೇಶಿಯಾ ಎಲೆ ಅನ್ನುವುದು ನಿಜಕ್ಕೆ ಎಲೆಯೇ ಅಲ್ಲ, ಅಗಲವಾದ ತೊಟ್ಟು. ದಪ್ಪ, ತೊಗಲಿನ ಹಾಗೆ. ಕೊಳೆಯುವುದಕ್ಕಿಂತ ಬೇಗ ಬೀಳುತ್ತದೆ. ಹುಲ್ಲಿನ ಬೀಜ ಆ ಚಾಪೆಯ ಮೇಲೆ ಬಿದ್ದು ಮೊಳೆತರೂ ಅದರ ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ಬೇಸಿಗೆಯಲ್ಲಿ ಯಾರೋ ಬೀಡಿ ಎಸೆದರೆ ಪೂರ್ತಿ ಸಾಲಿಗೆ ಬೆಂಕಿ. ಬೇರು ಮಣ್ಣಿಗೆ ಏನು ಕೊಡುತ್ತದೆ ಅಂತ ಮಾತ್ರ ನೋಡಿದ್ದೆ, ಮೇಲಿಂದ ಏನು ಬೀಳುತ್ತದೆ ಅಂತ ನೋಡಿರಲಿಲ್ಲ. ಆ ರಸ್ತೆ ಕಂಡಾಗಲೆಲ್ಲ ನನಗೆ ಬೇಜಾರಾಗುತ್ತದೆ. ಅವತ್ತಿನಿಂದ ಯಾವ ಮರ ಅಂತ ಯಾರು ಕೇಳಿದರೂ, ಅದರಿಂದ ಕೆಳಗೆ ಬೀಳುವುದು ಏನು ಅಂತ ಮೊದಲು ಲೆಕ್ಕ ಹಾಕುತ್ತೇನೆ.

ಎಲೆ ಬೀಳುತ್ತದೆ. ಬಿಸಿಲೂ ಬೀಳುತ್ತದೆ. ನಮ್ಮ ಬಯಲು ಸೀಮೆಯ ಬಿಸಿಲಿಗೆ ಬಟಾಬಯಲಲ್ಲಿ ಎಲ್ಲ ಗಿಡವೂ ತಡೆಯುವುದಿಲ್ಲ. ತಂಗಡಿ, ಎಕ್ಕ, ನೆಗ್ಗಿಲು, ಒರಟು ಹುಲ್ಲು, ಕಾಂಗ್ರೆಸ್ ಗಿಡ ತಡೆಯುತ್ತವೆ. ಮರದ ಕೆಳಗೆ ನೆಲ ತಂಪಾಗುತ್ತದೆ, ತೇವ ಎರಡು ದಿನ ಜಾಸ್ತಿ ನಿಲ್ಲುತ್ತದೆ. ಆಗ ಮೆತ್ತಗಿನ ಗಿಡಗಳೂ ಬರುತ್ತವೆ. ಆದರೆ ನೆರಳು ಕಗ್ಗತ್ತಲಾದರೆ ಹುಲ್ಲು ಸಾಯುತ್ತದೆ, ಹೂ ಬಿಡುವ ಸಣ್ಣ ಗಿಡಗಳೂ ಸಾಯುತ್ತವೆ. ಅತಿ ಹೆಚ್ಚು ಬಗೆಯ ಗಿಡ ಸಿಗುವುದು ಇವೆರಡರ ಮಧ್ಯೆ, ಚುಕ್ಕಿ ಚುಕ್ಕಿ ಬಿಸಿಲು ನೆಲಕ್ಕೆ ಬೀಳುವ ಕಡೆ. ಜಾಲಿ, ಬನ್ನಿ, ಬಾಗೆ, ಕಮರದಂಥ ಸಣ್ಣ ಎಲೆಯ ಮರಗಳು ಇಂಥ ನೆರಳು ಕೊಡುತ್ತವೆ. ರಾಜಸ್ಥಾನದಲ್ಲಿ ಖೇಜ್ರಿ ಅನ್ನುವ ಬನ್ನಿ ಜಾತಿಯ ಮರವನ್ನು ರೈತರು ಹೊಲದ ನಡುವೆಯೇ ಉಳಿಸಿಕೊಂಡು ಅದರ ಕೆಳಗೆ ಸಜ್ಜೆ ಬಿತ್ತುತ್ತಾರೆ. ಮರದ ಬುಡದ ಸಜ್ಜೆ ಬಯಲಿನದಕ್ಕಿಂತ ಚೆನ್ನಾಗಿ ಬರುತ್ತದೆ ಅನ್ನುವುದು ಅವರ ಅನುಭವ.

ಇನ್ನು ಹಕ್ಕಿ. ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ಜಾಸ್ತಿ ಹೇಳಿದರೆ ಸಹಿಸಿಕೊಳ್ಳಿ. ನಿಮ್ಮ ಹೊಂಗೆ ಸಾಲಿನಲ್ಲಿ ಅಮೃತಬಳ್ಳಿ ಇದೆ ಅಂದಿರಿ. ಅದನ್ನು ಯಾರೂ ನೆಟ್ಟಿರಲಾರರು. ಅಮೃತಬಳ್ಳಿಯ ಹಣ್ಣು ಕೆಂಪಗೆ, ಬಟಾಣಿ ಗಾತ್ರದ್ದು. ಪಿಕಳಾರ ತಿನ್ನುತ್ತದೆ, ಹಾರಿ ಬಂದು ಬೇವಿನ ಕೊಂಬೆ ಮೇಲೆ ಕೂರುತ್ತದೆ, ಹಿಕ್ಕೆ ಹಾಕುತ್ತದೆ. ಬೀಜ ಗೊಬ್ಬರದ ಸಮೇತ ನೆಲಕ್ಕೆ ಬೀಳುತ್ತದೆ, ಹತ್ತುವುದಕ್ಕೆ ಮರವೂ ಪಕ್ಕದಲ್ಲೇ ಇರುತ್ತದೆ. ದಾಗಡಿ ಬಳ್ಳಿ, ಕಾಡು ತೊಂಡೆ, ಕಾರೆ, ಕವಳೆ ಎಲ್ಲ ಹೀಗೇ ಬರುವುದು. ಶ್ರೀಗಂಧವೂ ಅಷ್ಟೇ. ಹಳೇ ಬೇಲಿಸಾಲು, ರಸ್ತೆಸಾಲುಗಳಲ್ಲಿ ಹೊಂಗೆ, ಬೇವಿನ ಬುಡದಲ್ಲಿ ಗಂಧದ ಸಸಿ ತಾನಾಗೇ ಎದ್ದಿರುವುದನ್ನು ನೀವೂ ನೋಡಿರಬಹುದು. ಗಂಧದ ಗಿಡ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಆಹಾರ ಪಡೆಯುತ್ತದೆ. ಹೊಂಗೆ ಅದಕ್ಕೆ ಒಳ್ಳೆಯ ಆಸರೆ. ಹಕ್ಕಿ ತಂದು ಹಾಕಿದ ಬೀಜ ಸರಿಯಾದ ಮರದ ಬುಡಕ್ಕೇ ಬಿದ್ದ ಹಾಗಾಯಿತು.

ಈ ಬಿತ್ತನೆ ನಡೆಯಬೇಕಾದರೆ ಹಕ್ಕಿಗೆ ಆ ಮರದಲ್ಲಿ ಏನಾದರೂ ಕೆಲಸ ಇರಬೇಕು. ಹಣ್ಣು ಇದ್ದರೆ ಸರಿ. ಆಲ, ಗೋಣಿ, ಅತ್ತಿ, ನೇರಳೆ, ಬೇವು. ಆಲದ ಹಣ್ಣಿನ ಕಾಲದಲ್ಲಿ ಒಂದು ಗಂಟೆ ಕೂತು ನೋಡಿ. ಕುಟ್ರು, ಗೊರವಂಕ, ಕೋಗಿಲೆ, ಪಿಕಳಾರ, ಸಂತೆ ಸೇರಿದ ಹಾಗೆ ಇರುತ್ತದೆ. ಅಷ್ಟೂ ಹಕ್ಕಿಗಳು ಬೇರೆ ಕಡೆ ತಿಂದ ಬೀಜವನ್ನು ಇಲ್ಲಿ ಇಳಿಸಿ ಹೋಗುತ್ತವೆ. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್‌ನಲ್ಲಿ ಈ ಹಕ್ಕಿಗಳಿಗೆ ತಿನ್ನುವ ಹಣ್ಣೇ ಇಲ್ಲ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಲಂಟಾನದ ಹಣ್ಣನ್ನೂ ಇದೇ ಹಕ್ಕಿಗಳು ತಿನ್ನುತ್ತವೆ. ಹಾಗಾಗಿ ಲಂಟಾನದ ಸಸಿಯೂ ಬರುತ್ತದೆ. ಮೊಣಕಾಲುದ್ದ ಇರುವಾಗಲೇ ಬೇರು ಸಮೇತ ಕಿತ್ತರೆ ಕೆಲಸ ಸುಲಭ. ಎರಡು ವರ್ಷ ಬಿಟ್ಟರೆ ಅದರ ಪೊದೆಯೊಳಗೆ ಬೇರೆ ಯಾವುದೂ ಉಳಿಯುವುದಿಲ್ಲ.

ಈಗ ನಿಮ್ಮ 2 ಕಿಲೋಮೀಟರಿಗೆ ಬರೋಣ. ನಾನಾಗಿದ್ದರೆ ಒಂದೇ ಜಾತಿಯ ಸಾಲು ಹಾಕುತ್ತಿರಲಿಲ್ಲ. ಒಂದೇ ಜಾತಿ ಅಂದರೆ ಉದ್ದಕ್ಕೂ ಒಂದೇ ನೆರಳು, ಒಂದೇ ತರಗು, ಬುಡದಲ್ಲೂ ಅದೇ ನಾಲ್ಕು ಗಿಡ. ಬೇವು, ಹೊಂಗೆ ಬೆನ್ನೆಲುಬಾಗಿರಲಿ. ಎರಡೂ ಈ ನೆಲದ್ದೇ, ನರ್ಸರಿಯಲ್ಲಿ ಸುಲಭವಾಗಿ ಸಿಗುತ್ತವೆ, ಹೊಂಗೆಯನ್ನು ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದರೆ ಹೊಂಗೆಗೂ ಒಂದು ದೋಷ ಇದೆ. 3 ಮೀಟರಿಗೆ ಒಂದರಂತೆ ಒತ್ತಾಗಿ ಹಾಕಿದರೆ ಹತ್ತು ವರ್ಷದಲ್ಲಿ ಸುರಂಗದ ಹಾಗೆ ಕೂಡಿಕೊಂಡು ಬುಡ ಕತ್ತಲಾಗುತ್ತದೆ. ಆಗ ಅದರ ಅಷ್ಟೂ ಒಳ್ಳೆಯ ತರಗು ಸುಮ್ನೆ ಬಿದ್ದಿರುತ್ತದೆ, ಬೆಳೆಯುವವರೇ ಇರುವುದಿಲ್ಲ. ನಿಮ್ಮಲ್ಲಿ ನಾಲ್ಕೈದು ಹಳೇ ಮರಗಳು ಬಿಡಿಬಿಡಿಯಾಗಿ ನಿಂತಿರುವುದರಿಂದಲೇ ಅಷ್ಟು ಬಗೆಯ ಗಿಡ ಸಿಗುತ್ತಿವೆ. ಮರದಿಂದ ಮರಕ್ಕೆ 10 ಮೀಟರ್ ಬಿಡಿ. ಲೆಕ್ಕಕ್ಕೆ ಗಿಡದ ಸಂಖ್ಯೆ ಕಡಿಮೆ ಕಾಣುತ್ತದೆ ಅಂತ ಪಂಚಾಯ್ತಿಯಲ್ಲಿ ತಕರಾರು ಬರಬಹುದು. ಒತ್ತಾಗಿ ಹಾಕಿ ಅರ್ಧ ಸತ್ತ ಸಾಲುಗಳನ್ನು ಅವರಿಗೆ ತೋರಿಸಿ, ಹತ್ತಿರದಲ್ಲೇ ಸಿಗುತ್ತವೆ.

ಎರಡು ಹೊಂಗೆ, ಬೇವಿನ ಮಧ್ಯೆ ಒಂದು ಕಮರ ಇರಲಿ ಅಂತ ನನ್ನ ಆಸೆ. ಚಿತ್ರದುರ್ಗ, ಬಳ್ಳಾರಿ ಸೀಮೆಯ ಒಣ ಕಾಡಿನ ಮರ ಅದು. ಎಲೆ ಎರಡು ಹೋಳು, ಎತ್ತಿನ ಗೊರಸಿನ ಗುರುತಿನ ಹಾಗೆ. ಹಗುರ ನೆರಳು. ಪಕ್ಕದ ಹೊಲದ ಮೆಕ್ಕೆಜೋಳಕ್ಕೆ ನೆರಳು ಬೀಳುತ್ತದೆ ಅಂತ ರೈತರು ಜಗಳಕ್ಕೆ ಬರುವ ಕಡೆ ಇದನ್ನೇ ಹಾಕಿ. ಆದರೆ ತಾಳ್ಮೆ ಬೇಕು. ಮೊದಲ ಕೆಲವು ವರ್ಷ ಮೇಲೆ ಏನೂ ಕಾಣುವುದಿಲ್ಲ. ಕೆಲವು ಸಲ ಕುಡಿ ಒಣಗಿ ಸತ್ತೇ ಹೋಯಿತು ಅನ್ನಿಸುತ್ತದೆ. ಆ ಹೊತ್ತಿಗೆ ತಾಯಿಬೇರು ಆಳಕ್ಕೆ ಇಳಿಯುತ್ತಿರುತ್ತದೆ. ಮುಂದಿನ ಮಳೆಗೆ ಬುಡದಿಂದ ಮತ್ತೆ ಚಿಗುರುತ್ತದೆ. ಸತ್ತಿದೆ ಅಂತ ಕಿತ್ತುಹಾಕಬೇಡಿ ಅಂತ ಕೂಲಿಯವರಿಗೆ ಮೊದಲೇ ಹೇಳಿಡಿ. ಜೊತೆಗೆ ಕಕ್ಕೆ, ಮುತ್ತುಗ, ಬಾಗೆ ಅಲ್ಲಲ್ಲಿ ಒಂದೊಂದು. ಚರಂಡಿ ನೀರು ನಿಲ್ಲುವ ತಗ್ಗಿದ್ದರೆ ಅಲ್ಲಿ ನೇರಳೆ.

ಆಲ, ಗೋಣಿಯನ್ನು 200, 300 ಮೀಟರಿಗೊಂದರಂತೆ, ಕರೆಂಟ್ ತಂತಿ ಇಲ್ಲದ ಕಡೆ, ಡಾಂಬರಿನಿಂದ ಆದಷ್ಟು ದೂರ ಹಾಕಿ. ನಮ್ಮ ಪಕ್ಕದ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ದಾರಿಗಳಿಗೆ ಆಲದ ಮರ ನೆಡಿಸಿದೆ, ದನಕ್ಕೂ ಜನಕ್ಕೂ ನೆರಳಾಗಲಿ ಅಂತ ಅವನು ಹೇಳಿಕೊಂಡಿರುವುದು ಆ ಶಾಸನದಲ್ಲಿ ಅಲ್ಲ, ಉತ್ತರದ ಒಂದು ಸ್ತಂಭಶಾಸನದಲ್ಲಿ. ಮಕ್ಕಳಿಗೆ ಪಾಠ ಮಾಡುವಾಗ ಇದು ಕಲಸಿಹೋಗುವುದುಂಟು, ಅದಕ್ಕೆ ಹೇಳಿದೆ. ದೊಡ್ಡ ಆಲದ ನಡುಬುಡದಲ್ಲಿ ಬೆಳೆಯುವುದು ಕಡಿಮೆ. ಜನ ಕೂರುತ್ತಾರೆ, ದನ ಮಲಗುತ್ತವೆ, ನೆರಳೂ ದಟ್ಟ. ಹಕ್ಕಿಗಳ ಬಿತ್ತನೆ ಫಲ ಕೊಡುವುದು ಅದರ ಅಂಚಿನಲ್ಲಿ, ಆಚೀಚಿನ ಹಗುರ ನೆರಳಿನ ಮರಗಳ ಕೆಳಗೆ.

ಹುಣಸೆ ಬಗ್ಗೆ ಖಂಡಿತ ಯಾರಾದರೂ ಎತ್ತುತ್ತಾರೆ. ಅದರ ಕೆಳಗೆ ಏನೂ ಬೆಳೆಯಲ್ಲ ಅನ್ನುವ ಮಾತು ಹಳೆಯದು, ಅದರಲ್ಲಿ ನಿಜವೂ ಇದೆ. ನೆರಳು ದಟ್ಟ, ಬಿದ್ದ ಸಣ್ಣ ಎಲೆ ನೆಲ ಮುಚ್ಚುತ್ತದೆ. ಆದರೆ ಹಣ್ಣಿನ ಹರಾಜು ಹಿಡಿದವರು ಕಾಯಿ ಬಡಿಯುವ ಮೊದಲು ಬುಡವನ್ನು ಅಂಗಳದ ಹಾಗೆ ಗುಡಿಸುತ್ತಾರಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಂಚಾಯ್ತಿಗೆ ಆದಾಯ ಬೇಕು ಅಂದರೆ ಊರಿನ ತುದಿಯಲ್ಲಿ ಹತ್ತು ಹುಣಸೆ ಹಾಕಿ, ಬೇಡ ಅನ್ನುವುದಿಲ್ಲ. ಗುಲ್‌ಮೊಹರ್ ಬೇಡ. ಬೇರು ಮೇಲುಮೇಲೆ ಹರಡಿ ಪಕ್ಕದ ಗಿಡಗಳ ತೇವ ಕಸಿಯುತ್ತದೆ, ಗಾಳಿಗೆ ಕೊಂಬೆ ಮುರಿಯುತ್ತದೆ. ಬಳ್ಳಾರಿ ಜಾಲಿಯನ್ನು ಯಾರೂ ನೆಡುವುದಿಲ್ಲ, ಆಡು ಕುರಿಗಳ ಹಿಕ್ಕೆಯಲ್ಲಿ ತಾನೇ ಬರುತ್ತದೆ. ಬಂದ ವರ್ಷವೇ ಕಿತ್ತುಬಿಡಿ. ಅದರ ಎಲೆಯ ರಸವೂ ಬೇರೆ ಬೀಜಗಳನ್ನು ಮೊಳೆಯಗೊಡುವುದಿಲ್ಲ.

ಇನ್ನೇನು ಹಾಕಬಹುದು ಅಂತ ಅನುಮಾನ ಬಂದರೆ ರಂಗಯ್ಯನದುರ್ಗದ ಕಾಡಿನ ಅಂಚಿಗೆ ಹೋಗಿ ನೋಡಿ. ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ವನ್ಯಧಾಮ ಆದದ್ದು ಅದು, ನಿಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿ ಯಾವ ಮರದ ಪಕ್ಕ ಯಾವ ಪೊದೆ, ಅದರ ಬುಡದಲ್ಲಿ ಯಾವ ಹುಲ್ಲು ಅನ್ನುವುದನ್ನು ಈ ನೆಲವೇ ಬರೆದಿಟ್ಟಿದೆ. ಬೀಜವನ್ನು ಮಾತ್ರ ಒಳಗಿಂದ ತರಬೇಡಿ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿ ಪಡೆಯಿರಿ.

ರಸ್ತೆಯಲ್ಲಿ ಎಲ್ಲಾದರೂ ಹಳೇ ಹುಲ್ಲುಗಾವಲು, ಕಾವಲು ಹಾದುಹೋದರೆ ಅಲ್ಲಿ ಮರ ಹಾಕಬೇಡಿ. ಇದನ್ನು ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. ಆದರೆ ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳಂಥ ಹುಲ್ಲು ನೆಲದಲ್ಲಿ ಬಿಸಿಲಿಗೇ ಹೊಂದಿಕೊಂಡ ಹುಲ್ಲು, ವಿಷ್ಣುಕ್ರಾಂತಿ, ಸಣ್ಣ ಸಣ್ಣ ಹೂಗಿಡಗಳ ದೊಡ್ಡ ಸಂಸಾರ ಇರುತ್ತದೆ. ಮರ ಹಾಕಿದರೆ ಅಲ್ಲಿ ಗಿಡಗಳ ಬಗೆ ಕಡಿಮೆಯಾಗುತ್ತದೆ. ಆ ತುಂಡನ್ನು ಬಯಲಾಗೇ ಬಿಡಿ.

ಮರದ ಆಯ್ಕೆ ಎಷ್ಟೇ ಸರಿಯಾದರೂ ಜೆಸಿಬಿ ಒಂದು ದಿನದಲ್ಲಿ ಎಲ್ಲವನ್ನೂ ಅಳಿಸುತ್ತದೆ. ಗುಂಡಿ ತೆಗೆಯಿಸುವ ನೆಪದಲ್ಲಿ ಇಡೀ ಅಂಚನ್ನು ಕೆರೆಸಬೇಡಿ. ಮೇಲಿನ ಎರಡು ಇಂಚು ಮಣ್ಣಲ್ಲಿ ಹತ್ತಾರು ಜಾತಿಯ ಬೀಜ ಮಲಗಿರುತ್ತದೆ. ಕೆರೆದ ಬೋಳು ನೆಲ ಕಾಂಗ್ರೆಸ್ ಗಿಡಕ್ಕೆ ಹಬ್ಬ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಬಿಸಿಲು, ಕದಡಿದ ಮಣ್ಣು ಎರಡೂ ಸಿಕ್ಕರೆ ಅದಕ್ಕೆ ಎದುರಾಳಿ ಇಲ್ಲ. ನಿಮ್ಮ ನೀಲಗಿರಿ ಸಾಲಿನ ಅಂಚಲ್ಲಿ ಅದು ಇರುವುದೂ ಹೀಗೇ. ಒಳಗೆ ಯಾರನ್ನೂ ಬೆಳೆಯಲು ಬಿಡದ ಮರ, ಹೊರಗೆ ಪ್ರತಿ ವರ್ಷ ಕೆರೆಯುವ ನಾವು. ಕಳೆನಾಶಕ ಹೊಡೆಯಬೇಡಿ, ಅದಕ್ಕೆ ತುಂಬೆ ಯಾವುದು ಕಾಂಗ್ರೆಸ್ ಯಾವುದು ಗೊತ್ತಾಗುವುದಿಲ್ಲ. ಹೂ ಬಿಡುವ ಮೊದಲು ಕೈಗೆ ಚೀಲ ಕಟ್ಟಿಕೊಂಡು ಕಾಂಗ್ರೆಸ್ ಗಿಡವನ್ನು ಮಾತ್ರ ಕಿತ್ತು, ಆ ಜಾಗಕ್ಕೆ ತಗಚೆ ಬೀಜ ಎರಚಿ. ತಗಚೆ ದಟ್ಟವಾಗಿ ಎದ್ದು ಅದನ್ನು ಅಮುಕುತ್ತದೆ. ಎಲೆ ಮೇಲೆ ತೆಳು ಹಳದಿ ಮೈಗೆ ಕಂದು ಗೀರಿನ ಸಣ್ಣ ಜೀರುಂಡೆ ಕಂಡರೆ ಕೊಲ್ಲಬೇಡಿ. ಕಾಂಗ್ರೆಸ್ ಗಿಡ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳದ ಸಂತತಿ ಅದು.

ಜಂಗಲ್ ಕಟಿಂಗ್ ಮಾಡುವವರಿಗೂ ಒಂದು ಮಾತು. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಉತ್ತರೆ, ಹಸ್ತ ಮಳೆಗೆ ಎದ್ದ ಗಿಡಗಳು ಬೀಜ ಕಟ್ಟುವುದು ಆಮೇಲೆ. ದಸರಾ ಮುಗಿದ ಕೂಡಲೇ ಸವರಿದರೆ ಮುಂದಿನ ವರ್ಷಕ್ಕೆ ಬೀಜ ಇಲ್ಲ. ಸಂಕ್ರಾಂತಿ ಹೊತ್ತಿಗೆ ಸವರಿ. ತಿರುವಿನಲ್ಲಿ, ಎದುರು ಗಾಡಿ ಕಾಣದ ಕಡೆ ಮಾತ್ರ ಯಾವಾಗ ಬೇಕಾದರೂ ಸವರಲಿ, ಜೀವಕ್ಕಿಂತ ದೊಡ್ಡದಲ್ಲ. ತರಗಿಗೆ ಬೆಂಕಿ ಇಡಲು ಮಾತ್ರ ಯಾವ ಕಾರಣಕ್ಕೂ ಯಾರಿಗೂ ಅವಕಾಶ ಕೊಡಬೇಡಿ.

ಹಳೇ ನೀಲಗಿರಿ ಸಾಲನ್ನು ಒಂದೇ ಸಲ ಕಡಿಸುವ ಯೋಚನೆ ಇದ್ದರೆ ಕೈಬಿಡಿ. ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ಒಂದು. ಬುಡ ಬಿಟ್ಟರೆ ಮತ್ತೆ ನಾಲ್ಕು ಕವಲಾಗಿ ಚಿಗುರುತ್ತದೆ, ಅದು ಇನ್ನೊಂದು. ಈಗ ಆ ಸಾಲಿನ ಹೊರಬದಿಗೆ ಬೇವು, ಹೊಂಗೆ ನೆಟ್ಟು ಎದ್ದು ನಿಲ್ಲಲು ಬಿಡಿ. ಐದಾರು ವರ್ಷ ಆದ ಮೇಲೆ ಅನುಮತಿ ಪಡೆದು ಒಂದು ಬಿಟ್ಟು ಒಂದರಂತೆ ತೆಗೆಸಿ, ಚಿಗುರನ್ನು ಆಗಾಗ ಸವರಿ. ತರಗನ್ನು ಗುಡಿಸಿ ಬದಿಗೆ ಒಟ್ಟಿದರೆ ಬುಡದ ನೆಲ ಬೇಗ ಉಸಿರಾಡುತ್ತದೆ.

ಮರದ ಗುಣವೋ, ಮಣ್ಣಿನದೋ, ದನದ್ದೋ ಅಂತ ಕೇಳಿದ್ದಿರಲ್ಲ. ನಿಮ್ಮ ಮಕ್ಕಳ ಕೈಲೇ ಇದನ್ನು ಪರೀಕ್ಷೆ ಮಾಡಿಸಿ. ನಾಲ್ಕು ಗೂಟ, ಒಂದು ದಾರ, 1 ಮೀಟರ್ ಚೌಕ. ನೀಲಗಿರಿ ಕೆಳಗೆ 10 ಚೌಕ, ಹೊಂಗೆ ಬೇವಿನ ಕೆಳಗೆ 10, ಮರವೇ ಇಲ್ಲದ ಅಂಚಿನಲ್ಲಿ 10. ಈ ಮೂರನೆಯದನ್ನು ಮರೆಯಬೇಡಿ, ಅದಿಲ್ಲದೆ ಮರದ ಪಾಲು ಎಷ್ಟು ಅಂತ ತಿಳಿಯುವುದಿಲ್ಲ. ಎಲ್ಲ ಚೌಕವೂ ಡಾಂಬರಿನಿಂದ ಒಂದೇ ದೂರದಲ್ಲಿರಲಿ, ಏಕೆಂದರೆ ರಸ್ತೆಯ ಮೊದಲ ಒಂದು ಮೀಟರಿನ ಲೋಕವೇ ಬೇರೆ. ಆರಿದ್ರ ಮಳೆ ಆದ ಮೇಲೆ ಒಮ್ಮೆ, ಹಸ್ತ ಮಳೆ ಆದ ಮೇಲೆ ಒಮ್ಮೆ ಎಣಿಸಿ. ಎಷ್ಟು ಜಾತಿ ಅಂತ ಬರೆಯುವುದರ ಜೊತೆ ಪ್ರತಿ ಜಾತಿಯ ಗಿಡ ಎಷ್ಟು ಅಂತಲೂ ಬರೆಯಿರಿ. ಆರು ಜಾತಿ ಇದ್ದು ನೂರಕ್ಕೆ ತೊಂಬತ್ತು ಕಾಂಗ್ರೆಸ್ ಗಿಡವೇ ಆದರೆ ಅದನ್ನು ವೈವಿಧ್ಯ ಅನ್ನಲು ಆಗುವುದಿಲ್ಲ. ದನದ ಪಾಲು ತಿಳಿಯಬೇಕಾದರೆ ಮೂರೂ ಕಡೆ ಒಂದೊಂದು ಚೌಕಕ್ಕೆ ಮುಳ್ಳು ಕಟ್ಟಿ ಒಂದು ಮಳೆಗಾಲ ಬಿಡಿ. ಮಣ್ಣಿನ ಪಾಲಿಗೆ ಮೂರೂ ಕಡೆಯ ಮಣ್ಣನ್ನು ಕುಂಡಕ್ಕೆ ತುಂಬಿ, ಶಾಲೆಯಲ್ಲಿ ಒಂದೇ ನೆರಳಲ್ಲಿಟ್ಟು, ಒಂದೇ ಅಳತೆಯ ನೀರು ಹಾಕಿ. ಯಾವುದರಲ್ಲಿ ಏನು ಮೊಳೆಯುತ್ತದೆ ನೋಡಿ. ಎಲೆಯ ರಸದ ಪರೀಕ್ಷೆ ಇನ್ನೂ ಸುಲಭ. 100 ಗ್ರಾಂ ಒಣ ಎಲೆಯನ್ನು 1 ಲೀಟರ್ ನೀರಲ್ಲಿ ಒಂದು ದಿನ ನೆನೆಸಿ ಸೋಸಿ. ಒಂದು ತಟ್ಟೆಯಲ್ಲಿ ಒದ್ದೆ ಬಟ್ಟೆ, 50 ರಾಗಿ ಕಾಳು, ಆ ನೀರು. ಇನ್ನೊಂದಕ್ಕೆ ಬರೀ ನೀರು. ನಾಲ್ಕನೇ ದಿನ ಮೊಳಕೆ ಎಣಿಸಲಿ. ಮೊದಲ ಎಣಿಕೆಯನ್ನು ಗುಂಡಿ ತೋಡುವ ಮೊದಲೇ ಮಾಡಿ ಮುಗಿಸಿ. ಆಮೇಲೆ ಎಣಿಸಿದರೆ ಹೋಲಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ಅಮ್ಮನ ಬೆರಕೆ ಸೊಪ್ಪಿನ ವಿಷಯ. ಮೇನ್ ರೋಡಿನ ಅಂಚಿನ ಸೊಪ್ಪನ್ನು ಯಾರೂ ಕೀಳದಿರಲಿ. ನಮ್ಮ ದೇಶದಲ್ಲಿ 2000ರವರೆಗೂ ಸೀಸ ಬೆರೆತ ಪೆಟ್ರೋಲ್ ಮಾರಾಟದಲ್ಲಿತ್ತು. ದಟ್ಟ ಗಾಡಿ ಓಡಾಡಿದ ರಸ್ತೆಗಳ ಅಂಚಿನ ಮಣ್ಣಲ್ಲಿ ಆ ಸೀಸ ಸುಲಭಕ್ಕೆ ಕರಗಿ ಹೋಗುವುದಿಲ್ಲ. ಟೈರಿನ ಪುಡಿ, ಹೊಗೆಯ ಮಸಿ ಇವತ್ತಿಗೂ ಬೀಳುತ್ತದೆ. ನಿಮ್ಮ ಊರ ರಸ್ತೆಯಲ್ಲಿ ದಿನಕ್ಕೆ ಎರಡು ಬಸ್, ಕೆಲವು ಬೈಕ್ ಓಡಾಡುವುದಾದರೆ, ಡಾಂಬರಿನಿಂದ ದೂರ, ಹೊಲದ ಬದಿಯ ಸೊಪ್ಪನ್ನು ಕಿತ್ತು, ಎರಡು ಮೂರು ನೀರಲ್ಲಿ ತೊಳೆದು ಸಾರು ಮಾಡಬಹುದು. ಪಕ್ಕದ ಹೊಲಕ್ಕೆ ಕಳೆನಾಶಕ ಹೊಡೆದಿದ್ದರೆ ಮಾತ್ರ ಬೇಡ.

ಹೊಸ ಗಿಡಗಳ ಬುಡಕ್ಕೆ ಸೊಪ್ಪು ತಾನಾಗೇ ಬರಲಿ ಅಂತ ಹತ್ತು ವರ್ಷ ಕಾಯಬೇಕಾಗಿಯೂ ಇಲ್ಲ. ನವೆಂಬರ್ ಕೊನೆಗೆ ಆ ಹಳೇ ಹೊಂಗೆ ಸಾಲಿನಲ್ಲಿ ಅಣ್ಣೆ ಸೊಪ್ಪಿನ ತೆನೆ ಒಣಗಿರುತ್ತದೆ. ಅಂಗೈಯಲ್ಲಿ ಉಜ್ಜಿ ಊದಿದರೆ ಸಾಸಿವೆಗಿಂತ ಸಣ್ಣ, ಮಿರಮಿರ ಮಿಂಚುವ ಕಪ್ಪು ಬೀಜ ಉಳಿಯುತ್ತದೆ. ಮಕ್ಕಳಿಗೆ ಒಂದೊಂದು ಬೆಂಕಿಪೊಟ್ಟಣ ಕೊಟ್ಟು ತುಂಬಿಸಿಡಿ. ಮುಂದಿನ ವರ್ಷ ಮೊದಲ ಹದಮಳೆಗೆ ಹೊಸ ಗಿಡಗಳ ಪಾತಿಯ ಸುತ್ತ ಎರಚಿದರೆ ಸಾಕು.